ಜೊತೆಗೆ ಬಂದವರು ಸ್ವಲ್ಪ ಹೊರಗಿರಿ

ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಹಳೆಯ ಆಸ್ಪತ್ರೆಗಳ ಚರಿತ್ರೆ ಓದುವ ಚಟವಿದೆ. ಅದರಲ್ಲೂ ಲಾಕ್ ಆಸ್ಪತ್ರೆಗಳ ವಿಷಯ ಓದುವಾಗಲೆಲ್ಲ ನಮ್ಮ ಓಪಿಡಿಯೇ ಕಣ್ಣ ಮುಂದೆ ಬರುತ್ತದೆ.

ಬ್ರಿಟಿಷ್ ಸಿಪಾಯಿಗಳಿಗೆ ಗುಹ್ಯರೋಗ ತಗುಲಬಾರದೆಂದು ದಂಡಿನ ಸೂಳೆಯರನ್ನು ಹಿಡಿದಿಟ್ಟು ಮದ್ದು ಮಾಡುತ್ತಿದ್ದ ಜಾಗಗಳವು. ಬೆಂಗಳೂರು, ಬಳ್ಳಾರಿಯ ದಂಡುಗಳಲ್ಲೂ ಇದ್ದವು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟವು. ರಿಜಿಸ್ಟರಿನಲ್ಲಿ ಹೆಸರು, ಕೈಯಲ್ಲಿ ಟಿಕೆಟ್ಟು, ಗೊತ್ತುಮಾಡಿದ ದಿನ ತಪಾಸಣೆ. ಬರದಿದ್ದರೆ ಶಿಕ್ಷೆ, ರೋಗ ಕಂಡರೆ ವಾಸಿಯಾಗುವತನಕ ಬಿಡುಗಡೆಯಿಲ್ಲ. ಆ ಹೆಂಗಸು ಅಲ್ಲಿಗೆ ಹೇಗೆ ಬಂದಳು, ಯಾರು ಕರೆತಂದರು ಎಂದು ಕೇಳುವುದು ಡಾಕ್ಟರ ಕೆಲಸವಾಗಿರಲಿಲ್ಲ.

1886ರಲ್ಲಂತೂ ಸೈನ್ಯದಿಂದ ಒಂದು ಸುತ್ತೋಲೆಯೇ ಹೊರಟಿತು: ರೆಜಿಮೆಂಟಿನ ಬಜಾರುಗಳಲ್ಲಿ ಸಾಕಷ್ಟು ಹೆಂಗಸರಿರಬೇಕು, ನೋಡಲೂ ಚೆನ್ನಾಗಿರಬೇಕು. ಹುಡುಗಿಯರನ್ನು ಹೊಂದಿಸುವುದು ಮಹಲ್ದಾರ್ನಿಯ ಪಾಲಿಗೆ ಬಂತು. ಚಕ್ಲಾದ, ಅಂದರೆ ದಂಡಿನ ಸೂಳೆಗೇರಿಯ, ಮೇಲ್ವಿಚಾರಕಿ ಅವಳೇ, ಹೊಸಬರನ್ನು ತರುವವಳೂ ಅವಳೇ, ಎಲ್ಲರನ್ನೂ ತಪಾಸಣೆಗೆ ಹೊರಡಿಸುವವಳೂ ಅವಳೇ.

1888ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ರದ್ದಾದರೂ ಪದ್ಧತಿ ನಿಲ್ಲಲಿಲ್ಲ. 1891–92ರ ಸುಮಾರಿಗೆ ಅಮೆರಿಕದಿಂದ ಬಂದ ಎಲಿಜಬೆತ್ ಆಂಡ್ರ್ಯೂ, ಕ್ಯಾಥರಿನ್ ಬುಶ್ನೆಲ್ ಉತ್ತರ ಭಾರತದ ಹತ್ತು ದಂಡುಗಳನ್ನು ಸುತ್ತಿದರು. ಬುಶ್ನೆಲ್ ಸ್ವತಃ ಡಾಕ್ಟರು. ಇಬ್ಬರೂ ಆ ಹೆಂಗಸರ ಹತ್ತಿರ ಕೂತು ಅವರವರ ಕಥೆ ಕೇಳಿ ಬರೆದುಕೊಂಡರು. ಅವರ ವರದಿಯನ್ನು ಮೊದಲು ಅಲ್ಲಗಳೆದಿದ್ದ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್, 1893ರಲ್ಲಿ ಲಂಡನ್ನಿನಲ್ಲಿ ವಿಚಾರಣೆಯಾದ ಮೇಲೆ ಕ್ಷಮೆ ಕೇಳಬೇಕಾಯಿತು.

ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. 1986ರಲ್ಲಿ ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ಮದ್ರಾಸಿನ ರಿಮಾಂಡ್ ಹೋಮಿನಲ್ಲಿದ್ದ ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಸಂಗ್ರಹಿಸಿದರು. ದೇಶದಲ್ಲಿ ಎಚ್‌ಐವಿ ಇದೆಯೆಂದು ಮೊದಲು ಗೊತ್ತಾದದ್ದು ಹಾಗೆ. ಶೋಧ ದೊಡ್ಡದೇ. ಆದರೆ ಸೋಂಕು ಕಂಡ ಹೆಂಗಸರನ್ನು ಶಿಕ್ಷೆ ಮುಗಿದ ಮೇಲೂ ಒಳಗೇ ಇಟ್ಟುಕೊಂಡರು. ಅವರನ್ನು ಬಿಡಿಸಲು ಹೈಕೋರ್ಟೇ ಬೇಕಾಯಿತು.

ಮಹಲ್ದಾರ್ನಿಯನ್ನು ನಾನೂ ಕಂಡಿದ್ದೇನೆ. ನಮ್ಮ ಕಾಲದಲ್ಲಿ ಅವಳು "ಆಂಟಿ". ಅವಳು ಓಪಿಡಿಗೆ ಕರೆತಂದ ಹುಡುಗಿಯ ಆಧಾರ್ ಕಾರ್ಡು, ಮೊಬೈಲು ಎರಡೂ ಆಂಟಿಯ ಪರ್ಸಿನಲ್ಲಿ. ಹೆಸರು ಕೇಳಿದರೂ ಉತ್ತರ ಅವಳದೇ. ಕನ್ನಡ ಬಾರದ ಹುಡುಗಿಗೆ ದುಭಾಷಿಯೂ ಅವಳೇ. ವಯಸ್ಸು ಕೇಳಿದರೆ ತಡವಿಲ್ಲದೆ "ಹತ್ತೊಂಬತ್ತು". ಹುಡುಗಿಗೆ ಮಾತ್ರ ತಾನು ಯಾವ ಊರಿನಲ್ಲಿದ್ದೇನೆಂದೇ ಗೊತ್ತಿರುತ್ತಿರಲಿಲ್ಲ. ತೋಳಿನ ಮೇಲೆ ಬೀಡಿ ಚುಚ್ಚಿದಂಥ ಗುಂಡು ಕಲೆಗಳು. ನಾವು ಗರ್ಭಪಾತ ಮುಗಿಸಿ, ಮಾತ್ರೆ ಬರೆದುಕೊಟ್ಟು, ಮತ್ತೆ ಅದೇ ಆಂಟಿಯ ಕೈಗೆ ಒಪ್ಪಿಸುತ್ತಿದ್ದೆವು.

ಆಮೇಲೆ ನಮ್ಮ ಹಿರಿಯ ಸಿಸ್ಟರೊಬ್ಬರು ಉಪಾಯ ಹೇಳಿಕೊಟ್ಟರು. "ಮೂತ್ರ ಪರೀಕ್ಷೆ ಇದೆ, ಜೊತೆಗೆ ಬಂದವರು ಹೊರಗಿರಿ" ಎನ್ನುವುದು. ಒಳಗೆ ಹೋದ ತಕ್ಷಣ ಪೊಲೀಸರ ಮಾತೆತ್ತಬಾರದು. "ಊಟ ಆಯ್ತೇನವ್ವಾ? ರಾತ್ರಿ ಎಲ್ಲಿ ಮಲಗ್ತೀಯ? ಮನೆಗೆ ಫೋನ್ ಮಾಡೋಕೆ ಬಿಡ್ತಾರಾ?" ಇಷ್ಟು ಸಾಕು. ಎಷ್ಟೋ ಸಲ ಉತ್ತರ ಬರುವುದು ಮುಂದಿನ ಭೇಟಿಯಲ್ಲಿ.

2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಆರೈಕೆಗೆ ಮಾರ್ಗಸೂಚಿ ತಂದಿತು. ತಪಾಸಣೆಗೆ ಒಪ್ಪಿಗೆ ಬೇಕು. ಬೇಡವೆನ್ನುವ ಹಕ್ಕೂ ಅವಳಿಗಿದೆ. ಬೇಡವೆಂದಳೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹದಿನೆಂಟು ತುಂಬದಿದ್ದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಹುಡುಗಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ದಂಡಿನ ಆಸ್ಪತ್ರೆಯಲ್ಲಿ ತಪಾಸಣೆ ನಡೆದದ್ದು ಸಿಪಾಯಿಗಾಗಿ, ಮದ್ರಾಸಿನಲ್ಲಿ ಊರಿನವರಿಗಾಗಿ. ಅವಳಿಗಾಗಿಯೇ ತಪಾಸಣೆ ಮಾಡಬೇಕಾದರೆ ಬಾಗಿಲು ಮುಚ್ಚುವ ಒಂದು ಕೋಣೆ, ಆಂಟಿಯಲ್ಲದ ಒಬ್ಬ ದುಭಾಷಿ, ಮಾತಾಡಿಸಲು ಪುರುಸೊತ್ತಿರುವ ಒಬ್ಬ ನರ್ಸು ಬೇಕು. ಜಿಲ್ಲಾಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಕೇಳುವವರು ಈ ಮೂರನ್ನೂ ಅದೇ ಪಟ್ಟಿಗೆ ಸೇರಿಸಿ ಕೇಳಲಿ.