'ಐ ಹ್ಯಾಡ್ ಗಾನ್' ಅಂದ್ರ ನಗಬ್ಯಾಡ್ರಿ, ಅದಕ್ಕೂ ಒಂದ್ ಇತಿಹಾಸ ಐತಿ

📌 1/6
ಈ ಸೀನ್ ನೀವೂ ನೋಡಿರ್ತೀರಿ. ಸೋಮವಾರ, ಇಂಗ್ಲಿಷ್ ಪಿರಿಯಡ್. ರಜಾದಾಗ ಏನ್ ಮಾಡಿದ್ರಿ ಅಂತ ಕೇಳ್ತಾರ. ಒಬ್ಬ ಹುಡುಗ ಎದ್ದು ನಿಂತು, "ಐ ಹ್ಯಾಡ್ ಗಾನ್ ಟು ತಿಕೋಟಾ ಯೆಸ್ಟರ್‌ಡೇ" ಅಂತಾನ. ಹಿಂದಿನ ಬೆಂಚಿನಿಂದ ನಗು. "ಹ್ಯಾಡ್ ಗಾನ್ ಅಲ್ಲ, ವೆಂಟ್!" ಹುಡುಗ ಕೂತ್ಕೊಂಡ. ಆಮ್ಯಾಲ ವರ್ಷಪೂರ್ತಿ ಅವ ಇಂಗ್ಲಿಷ್‌ನಲ್ಲಿ ಬಾಯಿ ಬಿಡಲಿಲ್ಲ.

ನಮ್ಮ ಕ್ಲಾಸ್‌ನ್ಯಾಗ ಇದು ಆದಾಗ ನಾನೂ ನಕ್ಕಿದ್ನಿ. ಆ 'ಹ್ಯಾಡ್' ಎಲ್ಲಿಂದ ಬಂತು ಅಂತ ಆಗ ನನಗೂ ಗೊತ್ತಿರಲಿಲ್ಲ. ಅದು ದಡ್ಡತನದಿಂದ ಬಂದದ್ದಲ್ಲ, ನಮ್ಮ ಕನ್ನಡದಿಂದ ಬಂದದ್ದು. ಹೆಂಗ ಅಂತ ಹೇಳ್ತೀನಿ, ಓದ್ರಿ. 👇

📌 2/6
ಮೊದಲು ನಮ್ಮ ಮನಿ ಮಾತು ನೋಡೋಣ.

"ನಿನ್ನಿ ಬಬಲೇಶ್ವರಕ್ಕ ಹೋದ್ನಿ" ಅಂದ್ರ, ಕೇಳಾವ್ರು "ಹ್ಞೂಂ, ಆಮ್ಯಾಲ?" ಅಂತಾರ. ಕಥಿ ಇನ್ನೂ ಮುಂದ ಐತಿ ಅಂತ ಅವರಿಗೆ ಅನಿಸ್ತದ.
"ನಿನ್ನಿ ಬಬಲೇಶ್ವರಕ್ಕ ಹೋಗಿದ್ನಿ" ಅಂದ್ರ, ಹೋಗಿ, ಕೆಲಸ ಮುಗಿಸಿ, ತಿರುಗಿ ಬಂದೀನಿ ಅಂತ ಅರ್ಥ. ಮಾತು ಅಲ್ಲಿಗೆ ಮುಗೀತು.

ಒಂದು 'ಇದ್ನಿ' ಎಷ್ಟು ಕೆಲಸ ಮಾಡ್ತದ ನೋಡ್ರಿ! ಈ 'ಇದ್ನಿ' ಅಂದ್ರೆ 'ಇರು' ಎಂಬ ಕ್ರಿಯಾಪದದ ರೂಪ. ಹಳಗನ್ನಡದಲ್ಲಿ ಇದು 'ಇರ್ದೆಂ' ಅಂತ ಇತ್ತು. ಕಾಲ ಸರಿದಂತೆ 'ರ್' ಸವೆದು 'ಇದ್ದೆಂ', ಆಮೇಲೆ 'ಇದ್ದೆ' ಆಯಿತು. ನಮ್ಮ ಕಡೆ 'ಇದ್ನಿ' ಆತು.

"ಊಟ ಆತೇನು?" ಅಂದ್ರ "ಮಾಡೀನಿ" ಅಂತೀವಲ್ಲ, ಅದರೊಳಗೂ 'ಇರು' ಅಡಗಿ ಕುಂತೈತಿ. ಪುಸ್ತಕದ ಕನ್ನಡದಲ್ಲಿ ಬಿಡಿಸಿ ಬರೆದರೆ ಮಾಡಿ + ಇದ್ದೇನೆ = ಮಾಡಿದ್ದೇನೆ. ಅಂದ್ರ, ಉಂಡು ಈಗ ಆರಾಮ್ ಅದೀನಿ!

📌 3/6
ಈಗ ಇಂಗ್ಲಿಷಿನ ಕಡೆ ಬರ್ರಿ. ಅಲ್ಲಿ ಇದೇ ಕೆಲಸಕ್ಕೆ 'ಇರು' ಬರೂದಿಲ್ಲ, 'ಹ್ಯಾವ್' ಬರ್ತದ. 'ಐ ಹ್ಯಾವ್ ಎ ಪೆನ್' ಅನ್ನೋ ಅದೇ ಹ್ಯಾವ್. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂಡೋ ಕ್ರಿಯಾಪದ ಇಲ್ಲ. "ನನ್ನ ಕಡೆ ಪೆನ್ ಐತಿ" ಅಂತೀವಿ, ಅಷ್ಟೇ.

ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಇಂಥ ವಾಕ್ಯದ ಅರ್ಥ ಹೆಚ್ಚುಕಡಿಮೆ ಹೀಗಿತ್ತು: "ನನ್ನ ಕಡೆ ಮೀನು ಐತಿ, ಹಿಡಿದ ಸ್ಥಿತಿಯಲ್ಲಿ." ಬರ್ತಾ ಬರ್ತಾ 'ನನ್ನ ಕಡೆ' ಅನ್ನೋ ಅರ್ಥ ಕರಗಿ, "ನಾ ಮೀನು ಹಿಡಿದೀನಿ" ಅನ್ನೋದಷ್ಟೇ ಉಳೀತು. 'ಐ ಹ್ಯಾವ್ ಕಾಟ್' ಹುಟ್ಟಿದ್ದು ಹಿಂಗ.

ಇನ್ನೊಂದು ಮಜಾ. ಬರೋದು, ಹೋಗೋದು ಅನ್ನೋ ಮಾತಿಗೆ ಇಂಗ್ಲಿಷರೂ ಒಂದು ಕಾಲದಲ್ಲಿ 'ಇರು' ಬಳಸ್ತಿದ್ರು. ಶೇಕ್ಸ್‌ಪಿಯರ್ (1564–1616) ಕಾಲದಲ್ಲಿ 'ಐ ಆ್ಯಮ್ ಕಮ್' ಅನ್ನೋದು ತಪ್ಪಾಗಿರಲಿಲ್ಲ. ಅದು ನಮ್ಮ "ನಾ ಬಂದೀನಿ" ಅನ್ನೋದರ ತಮ್ಮನೇ! ಇವತ್ತಿನ 'ಹಿ ಈಸ್ ಗಾನ್' ಆ ಕಾಲದ ಉಳಿಕೆ.

📌 4/6
ವಿಜಯಪುರದ ಬಜಾರದಲ್ಲಿ ನಿಂತು ಕಿವಿ ಕೊಡ್ರಿ. ಕನ್ನಡದವರು "ಬಂದೀನಿ". ಮರಾಠಿಯವರು "ಮೀ ಆಲೋ ಆಹೇ". ಉರ್ದು ಮಾತಾಡೋರು "ಮೈ ಆಯಾ ಹೂಂ". ಆಹೇ, ಹೂಂ ಎರಡೂ 'ಇರು' ಅರ್ಥದವೇ. ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನವರಸ್' ಬರೆದದ್ದು ದಖನಿಯಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಈ ಊರು ಹಲವು ನುಡಿಗಳ ಊರು. ಆದ್ರ ಈ ಮೂರರಾಗ ಒಂದರಲ್ಲೂ 'ಹ್ಯಾವ್' ಇಲ್ಲ.

1848ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ಕೈಗೆ ಹೋದಾಗ ಬಿಜಾಪುರವೂ ಹೋಯಿತು. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ನಾವು ಬಾಂಬೆ ಪ್ರಾಂತ್ಯದವರಾದೆವು. ಕೋರ್ಟು, ಕಚೇರಿ, ಹೈಸ್ಕೂಲು, ಎಲ್ಲಾ ಕಡೆ ಮೇಲಿನ ಮಾತು ಇಂಗ್ಲಿಷ್.

ಮನ್ಯಾಗ ಇರೋ 'ರೆನ್ ಅಂಡ್ ಮಾರ್ಟಿನ್' ಗ್ರಾಮರ್ ಪುಸ್ತಕ ಗೊತ್ತಲ್ಲ? ಅದರ ಪಿ.ಸಿ. ರೆನ್ ಇದೇ ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ಆಮೇಲೆ 'ಬೋ ಜೆಸ್ಟ್' (1924) ಕಾದಂಬರಿ ಬರೆದು ಹೆಸರು ಮಾಡಿದ. 1930ರ ದಶಕದ ಆ ಗ್ರಾಮರ್ ಇವತ್ತಿಗೂ ನಮ್ಮ ತಪ್ಪು-ಒಪ್ಪು ಹೇಳ್ತಾ ಕುಂತೈತಿ.

📌 5/6
ಇಂಗ್ಲಿಷಿನ ರೂಲ್ ಇದು: ಯೆಸ್ಟರ್‌ಡೇ ಅಂತ ಟೈಮ್ ಹೇಳಿದ್ರೆ 'ಹ್ಯಾವ್' ಬರಬಾರದು. "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ತಪ್ಪು. ಆದ್ರೆ "ನಿನ್ನಿನೇ ಅವನ್ನ ನೋಡೀನಿ" ಅಂದ್ರ ಕನ್ನಡದಾಗ ಏನ್ ತಪ್ಪೈತಿ?

ಹಂಗಾದ್ರ ನಾವಷ್ಟೇ ವಿಚಿತ್ರ ಏನು? ಅಲ್ಲ. ಜರ್ಮನರೂ ಫ್ರೆಂಚರೂ ತಮ್ಮ 'ಹ್ಯಾವ್' ಜೊತೆ 'ನಿನ್ನೆ' ಸೇರಿಸಿ ದಿನಾ ಮಾತಾಡ್ತಾರ. ಜರ್ಮನ್‌ನಲ್ಲಿ 'ಬಂದೀನಿ' ಅನ್ನೋಕೆ ಇವತ್ತಿಗೂ 'ಇರು'ನೇ ಬರ್ತದ: 'ಇಶ್ ಬಿನ್ ಗೆಕೊಮೆನ್'. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು, 1903ರಲ್ಲಿ ಕನ್ನಡ ವ್ಯಾಕರಣ ಕೊಟ್ಟ ಫರ್ಡಿನಾಂಡ್ ಕಿಟೆಲ್ ಜರ್ಮನ್ನರು. ನಮ್ಮ 'ಬಂದಿದ್ದೇನೆ' ಅವರ ಕಿವಿಗೆ ಮನಿ ಮಾತಿನಂಗ ಕೇಳಿರಬೇಕು ಅಂತ ನನಗನಿಸ್ತದ.

ಇಂಗ್ಲಿಷಿನೊಳಗೂ ಒಂದೇ ಪದ್ಧತಿ ಇಲ್ಲ. "ಊಟ ಆತೇನು?" ಅನ್ನೋಕೆ ಬ್ರಿಟಿಷರು ಸಾಮಾನ್ಯವಾಗಿ 'ಹ್ಯಾವ್ ಯು ಈಟನ್?' ಅಂತಾರ, ಅಮೆರಿಕದವರು ಎಷ್ಟೋ ಸಲ 'ಡಿಡ್ ಯು ಈಟ್?' ಅಂತಾರ. ಅವರನ್ನ ನೋಡಿ ಯಾವ ಬೆಂಚೂ ನಗೂದಿಲ್ಲ.

📌 6/6
ಹಂಗಂತ ರೂಲ್ ಬಿಡ್ರಿ ಅಂತ ನಾ ಹೇಳೂದಿಲ್ಲ. ಪರೀಕ್ಷೆ, ಇಂಟರ್‌ವ್ಯೂ ಎರಡೂ ಇಂಗ್ಲಿಷಿನ ರೂಲ್ ಕೇಳ್ತಾವ. ಇಷ್ಟು ಸೇವ್ ಮಾಡ್ಕೊಳ್ರಿ:

✅ ಯಾವಾಗ ಅಂತ ಹೇಳಿದ್ರ: ಐ ವೆಂಟ್ ಯೆಸ್ಟರ್‌ಡೇ.
✅ ಯಾವಾಗ ಅಂತ ಹೇಳದ, ಈಗಿನ ಸ್ಥಿತಿ ಹೇಳೂದಿದ್ರ: ಐ ಹ್ಯಾವ್ ಈಟನ್. (ಉಂಡೀನಿ, ಇನ್ನ ಬ್ಯಾಡ.)
✅ ಹಿಂದ ಆದ ಎರಡು ಘಟನೆಯಲ್ಲಿ ಮೊದಲು ಆದದ್ದಕ್ಕ 'ಹ್ಯಾಡ್': ನಾ ಸ್ಟ್ಯಾಂಡ್‌ಗೆ ಬರೂದ್ರಾಗ ತಿಕೋಟಾ ಬಸ್ ಹೋಗಿತ್ತು. ದ ಬಸ್ ಹ್ಯಾಡ್ ಲೆಫ್ಟ್.
✅ "ಎರಡು ವರ್ಷದಿಂದ ಇಲ್ಲೇ ಅದೀನಿ" ಅನ್ನೋಕೆ 'ಐ ಆ್ಯಮ್' ಅಲ್ಲ: ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್.

ಆ ಹುಡುಗ "ಐ ಹ್ಯಾಡ್ ಗಾನ್" ಅಂದಾಗ ಅವನ ತಲ್ಯಾಗ ವ್ಯಾಕರಣ ಇರಲಿಲ್ಲ ಅಂತಲ್ಲ. ತಾಯಿ ಕಲಿಸಿದ ವ್ಯಾಕರಣ ಪೂರ್ತಿ ಇತ್ತು. 'ಹೋಗಿದ್ನಿ'ಯನ್ನ ಅವ ಭಾಳ ಚಂದಾಗಿ ಇಂಗ್ಲಿಷಿಗೆ ಹೊತ್ಕೊಂಡು ಹೋಗಿದ್ದ. "ನೀ ಹೇಳಿದ್ದು ಕನ್ನಡದಾಗ ಸರಿ ಐತಿ, ಇಂಗ್ಲಿಷ್‌ನ್ಯಾಗ ವೆಂಟ್ ಅಂತಾರ" ಅಂತ ಯಾರರೆ ಒಬ್ರು ಹೇಳಿದ್ರ, ಅವ ಕೂತ್ಕೊತಿರಲಿಲ್ಲ. ಮುಂದಿನ ವಾಕ್ಯ ಹೇಳ್ತಿದ್ದ.

ನಾನೂ ನಕ್ಕಿದ್ನಿ ಅಂದ್ನಲ್ಲ ಮೊದಲಿಗೆ? 'ನಕ್ಕಿದ್ನಿ' ಅಂದ್ರ ಅದು ಅಲ್ಲಿಗೆ ಮುಗೀತು. ಇನ್ನ ನಗೂದಿಲ್ಲ.

ನಿಮ್ಮನ್ಯಾಗ ಏನಂತಾರ: ಬಂದೀನಿ, ಬಂದೇನಿ, ಬಂದಿದೀನಿ? ಊರ ಹೆಸರಿನ ಜೊತಿಗೆ ಕಾಮೆಂಟ್ ಮಾಡ್ರಿ. ಹಿಂದಿನ ಬೆಂಚಿನ ದೋಸ್ತನಿಗೆ ಟ್ಯಾಗ್ ಮಾಡೂದು ಮರೀಬ್ಯಾಡ್ರಿ. 🙏

#ವಿಜಯಪುರ #ತಿಕೋಟಾ #ಬಬಲೇಶ್ವರ #ನಮ್ಮಮಾತು #ನುಡಿಇತಿಹಾಸ