ಪುನಸ್ಸಂಯೋಜಿತ ಇಲಿ ಸಿಎಕ್ಸ್‌ಸಿಎಲ್‌1

ಪುನಸ್ಸಂಯೋಜಿತ ಇಲಿ ಸಿಎಕ್ಸ್‌ಸಿಎಲ್‌1 ಎಂಬುದು ಪ್ರಯೋಗಾಲಯದ ಸಂಶೋಧನೆಗಾಗಿ ತಯಾರಿಸಲಾಗುವ ಒಂದು ಕೀಮೊಕೈನ್ ಪ್ರೋಟೀನ್. ಇದಕ್ಕೆ ಕೆಸಿ ಎಂಬ ಹೆಸರೂ ಇದೆ. ಇದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಮೇಲಿನ ಸಿಎಕ್ಸ್‌ಸಿಆರ್‌2 ಗ್ರಾಹಕಕ್ಕೆ ಅಂಟಿಕೊಂಡು, ಅವುಗಳನ್ನು ಸೋಂಕು ಅಥವಾ ಗಾಯವಾದ ಅಂಗಾಂಶದತ್ತ ಸೆಳೆಯುತ್ತದೆ.

ಇಲಿಯ ವಂಶವಾಹಿಯನ್ನು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದು ಉತ್ಪಾದಿಸಿದ ಪ್ರೋಟೀನನ್ನು ಶುದ್ಧೀಕರಿಸಲಾಗುತ್ತದೆ. ಇದರಲ್ಲಿ 72 ಅಮೈನೋ ಆಮ್ಲಗಳಿದ್ದು, ಅಣುತೂಕ ಸುಮಾರು 7.8 ಕಿಲೋಡಾಲ್ಟನ್. ಕೋಶಚಲನೆಯ ಪರೀಕ್ಷೆಯಲ್ಲಿ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯ ಒಂದು ಬದಿಯಲ್ಲಿ ಇದನ್ನಿರಿಸಿ, ಇನ್ನೊಂದು ಬದಿಯಿಂದ ದಾಟಿಬಂದ ಕೋಶಗಳನ್ನು ಎಣಿಸಲಾಗುತ್ತದೆ.

ಮಾನವನಲ್ಲಿ ನ್ಯೂಟ್ರೊಫಿಲ್‌ಗಳನ್ನು ಸೆಳೆಯುವ ಪ್ರಮುಖ ಕೀಮೊಕೈನ್ ಸಿಎಕ್ಸ್‌ಸಿಎಲ್‌8. ಅದರ ವಂಶವಾಹಿ ಇಲಿಯಲ್ಲಿ ಇಲ್ಲ. ಆ ಕಾರ್ಯವನ್ನು ಸಿಎಕ್ಸ್‌ಸಿಎಲ್‌1 ಹಾಗೂ ಅದರ ಸಮೀಪದ ಪ್ರೋಟೀನುಗಳು ನಿರ್ವಹಿಸುತ್ತವೆ. ಆದುದರಿಂದ ಇಲಿಯಲ್ಲಿ ಉರಿಯೂತವನ್ನು ತಗ್ಗಿಸಿದ ಔಷಧವು ಮಾನವನಲ್ಲಿಯೂ ಅದೇ ಫಲ ನೀಡುತ್ತದೆಂದು ಇಂತಹ ಪ್ರಯೋಗಗಳಿಂದಷ್ಟೇ ನಿರ್ಧರಿಸಲಾಗದು.