ಹತ್ತಿಯ ಬಣ್ಣ, ಮಣಿಕಟ್ಟಿನ ಚೂರು

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಕೈ ಜೋಮು ಹಿಡಿಯಿತೆಂದರೆ ಅದನ್ನು ರೋಗವೆಂದು ಎಣಿಸುವವರು ಕಡಿಮೆ. ರೊಟ್ಟಿ ಬಡಿದ ಕೈ, ಹತ್ತಿ ಬಿಡಿಸಿದ ಕೈ, ಕುಡುಗೋಲು ಹಿಡಿದ ಕೈ, ದಣಿದಿರಬೇಕು ಎನ್ನುತ್ತೇವೆ. ನಡುರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ ಎಚ್ಚರವಾದರೆ ಕೈ ಝಾಡಿಸಿ ಮತ್ತೆ ಮಲಗುತ್ತೇವೆ. ತಡೆಯದಾದಾಗ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಆಪರೇಶನ್ ಮಾಡಿಸಿಕೊಳ್ಳುತ್ತೇವೆ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ನರ ಹಾದುಹೋಗುತ್ತದೆ. ಮೇಲಿನ ಪಟ್ಟಿಯನ್ನು ಕೊಯ್ದು ನರವನ್ನು ಬಿಡಿಸಿದರೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಕೆಲವರಿಗೆ ಮಾತ್ರ ಅದು ಹೃದಯದ ರೋಗದ ಮೊದಲ ಸೂಚನೆ.

ಇದರ ಚರಿತ್ರೆ ನನ್ನನ್ನು ಸೆಳೆದದ್ದು ಹತ್ತಿಯ ಕಾರಣಕ್ಕೆ. 1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅಂಗಾಂಶಕ್ಕೆ ಅಯೋಡಿನ್ ಹಚ್ಚಿದಾಗ ಅದು ಗಂಜಿಯಂತೆ ನೀಲಿಗೆ ತಿರುಗಿತು. ಪಿಷ್ಟದಂಥದ್ದು ಎಂಬ ಅರ್ಥದಲ್ಲಿ ಅದಕ್ಕೆ ‘ಅಮೈಲಾಯ್ಡ್’ ಎಂಬ ಹೆಸರು ಬಂತು. ಅದು ಪಿಷ್ಟವಲ್ಲ, ಪ್ರೋಟೀನು ಎಂದು ಗೊತ್ತಾದ ಮೇಲೂ ಹೆಸರು ಉಳಿಯಿತು. ಅದೇ 1854ರಲ್ಲಿ ಲಂಡನ್ನಿನ ಜೇಮ್ಸ್ ಪ್ಯಾಜೆಟ್ ಮಣಿಕಟ್ಟಿನಲ್ಲಿ ಈ ನರ ಅದುಮಿಹೋಗುವುದನ್ನು ವರ್ಣಿಸಿದ. ಈ ಎರಡಕ್ಕೂ ನಂಟಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ.

ಹತ್ತಿಗೆ ಬಣ್ಣ ಕಚ್ಚಿಸುವುದು ಸುಲಭವಲ್ಲ. ನಮ್ಮ ಬಣ್ಣಗಾರರು ಅಳಲೆಕಾಯಿ, ಪಟಿಕ ಬಳಸುತ್ತಿದ್ದರು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ಬಿತ್ತಿಸಿದ ಇಂಗ್ಲಿಷರಿಗೆ ಬೇಕಾಗಿದ್ದುದು ಗಿರಣಿಗೆ ಒಗ್ಗುವ ಹತ್ತಿ. ಗಿರಣಿಗಳು ಹೆಚ್ಚಿದಂತೆ ಅಗ್ಗದ ಬಣ್ಣವೂ ಬೇಕಾಯಿತು. 1883ರಲ್ಲಿ ಜರ್ಮನಿಯ ಪಾಲ್ ಬಾಟಿಗರ್ ಕಂಡುಹಿಡಿದ ‘ಕಾಂಗೋ ರೆಡ್’ ಪಟಿಕದ ಹಂಗಿಲ್ಲದೆ ಹತ್ತಿಯನ್ನು ಕಚ್ಚಿ ಹಿಡಿಯಿತು. ಇದೇ ಬಣ್ಣ ಅಮೈಲಾಯ್ಡನ್ನೂ ಹಿಡಿಯುತ್ತದೆಂದು 1922ರಲ್ಲಿ ಹಾನ್ಸ್ ಬೆನ್‌ಹೋಲ್ಡ್ ತೋರಿಸಿದ. 1927ರಲ್ಲಿ ಬೆಲ್ಜಿಯಂನ ಡಿವ್ರಿ ಮತ್ತು ಫ್ಲೋರ್ಕಿನ್, ಧ್ರುವೀಕೃತ ಬೆಳಕಿನಲ್ಲಿ ಅದು ಹಸಿರಾಗಿ ಹೊಳೆಯುವುದನ್ನು ಕಂಡರು. ಇಂದಿಗೂ ರೋಗವನ್ನು ಗುರುತಿಸುವುದು ಆ ಹಸಿರಿನಿಂದಲೇ.

ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ವಯಸ್ಸಾದ ಕೆಲವರಲ್ಲಿ ಮಡಿಕೆ ತಪ್ಪಿ ಎಳೆಎಳೆಯಾಗಿ ಶೇಖರವಾಗುತ್ತದೆ. ಅದು ಮಣಿಕಟ್ಟಿನಲ್ಲಿ ಕಾಣಿಸಿಕೊಂಡ ಐದು-ಹತ್ತು ವರ್ಷಗಳ ಮೇಲೆ ಹೃದಯದ ಸ್ನಾಯು ಬಿಗಿದು ಏದುಸಿರು, ಕಾಲುಬಾವು ಶುರುವಾಗಬಹುದು. ಅಷ್ಟರಲ್ಲಿ ಹಳೆಯ ಕೈಜೋಮನ್ನು ನೆನೆಯುವವರಾರು?

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಆಪರೇಶನ್ ಆದ 50 ದಾಟಿದ ಗಂಡಸರು, 60 ದಾಟಿದ ಹೆಂಗಸರು ಸೇರಿ 98 ಮಂದಿಯ ಅಂಗಾಂಶದ ಚೂರುಗಳನ್ನು ಪರೀಕ್ಷಿಸಿದರು. 10 ಮಂದಿಯಲ್ಲಿ ಅಮೈಲಾಯ್ಡ್ ಸಿಕ್ಕಿತು; ಅವರಲ್ಲಿ ಇಬ್ಬರ ಹೃದಯಕ್ಕೆ ಆಗಲೇ ತಗುಲಿತ್ತು. 2019ರಲ್ಲಿ ಟಫಾಮಿಡಿಸ್ ಎಂಬ ಔಷಧಿಗೆ ಅಲ್ಲಿ ಒಪ್ಪಿಗೆ ದೊರೆಯಿತು. ಅದು ರೋಗದ ಓಟವನ್ನು ತಗ್ಗಿಸುತ್ತದೆ, ಕೆಟ್ಟ ಹೃದಯವನ್ನು ಮೊದಲಿನಂತೆ ಮಾಡದು. ಬೇಗ ಗೊತ್ತಾಗಬೇಕು ಎನ್ನುವುದು ಅದಕ್ಕೇ.

ಜೋಮು ಹಿಡಿದವರೆಲ್ಲ ಹೆದರಬೇಕಿಲ್ಲ. ವಯಸ್ಸಾಗಿದ್ದು ಎರಡೂ ಕೈಗೆ ಜೋಮಿದ್ದರೆ, ಬೆನ್ನುಹುರಿಯ ದಾರಿಯೂ ಇಕ್ಕಟ್ಟಾಗಿದ್ದರೆ, ಮನೆತನದಲ್ಲಿ ಈ ರೋಗವಿದ್ದರೆ ಆಪರೇಶನ್ನಿಗೆ ಮೊದಲೇ ಡಾಕ್ಟರನ್ನು ಒಂದು ಮಾತು ಕೇಳಬೇಕು: “ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೀರಾ, ಸರ್?” ಹೊಲಿಗೆ ಹಾಕಿದ ಮೇಲೆ ಆ ಚೂರು ಮತ್ತೆ ಕೈಗೆ ಸಿಗುವುದಿಲ್ಲ.